ಹದಿನೆಂಟು ಇಂಚಿನ ನಜರು

ಮೀನಿನ ನಾತ, ಅದರ ಜೋಡಿ ತೊಯ್ದ ಬಲಿಯ ನಾತ, ಕಣ್ಣು ಅಳಿಯೋ ಕಟ್ಟಿಗಿ ಹಿಡಕೊಂಡು ಇವನ ಗಲ್ಲದ ಹತ್ರ ಬಗ್ಗಿದ ಕೂಡ್ಲೇ ಮೂಗಿಗೆ ಬಡೀತು, ಹದಿನಾಲ್ಕು ವರ್ಷ ಆದ್ರೂ ಮೂಗು ಮರೀಲಿಲ್ಲ — ಅಲುಗ್ಯಾಡಬ್ಯಾಡ್ರಿ, ಕಟ್ಟಿಗಿ ಸರೀತದ, ಬಲಗಣ್ಣು ಮುಚ್ಚಿಕೊಳ್ರಿ — ಹೂನ್ರಿ ಬಾಯೋರ, ಅಂತಾನ, ನನಗ ಬಾಯೋರ ಅಂತಾನ, ಒಂದು ಗೇಣು ದೂರದಾಗ ನನ್ನ ಮಾರಿ ಅದ, ಗುರ್ತು ಹತ್ತವಲ್ದು ಇವಗ, ಹತ್ತೋದು ಹ್ಯಾಂಗ, ಸಮೀಪದ್ದು ಮಂಜ್ ಮಂಜ್ ಕಾಣ್ತದಂತ ಬಂದಾನ, ಬಲಿ ಹೆಣೀಲಿಕ್ಕ ಕುಂತ್ರ ಗಂಟು ಕಾಣವಲ್ದಂತ, ಒಂದು ದಾರ ಎರಡಾಗಿ ಕಾಣ್ತದಂತ, ಚೀಟಿಯೊಳಗ ನಾನೇ ಬರಕೊಂಡೀನಿ, ಮಾಣಿಕಪ್ಪ, ವಯಸ್ಸು ಐವತ್ತರ ಸುಮಾರು, ಕಸಬು ಹರಗೋಲು ಮತ್ತ ಮೀನ, ಬರಿಯೋವಾಗ ಟಾಕು ಚುಚ್ಚಿ ಕಾಗದ ಹರೀತು, ಏನಾತಮ್ಮ ಅಂತ ಮುನಾಫ ಡಾಕ್ಟರ್ ಸಾಹೇಬ್ರು ಆಚಿ ಖೋಲ್ಯಾಗಿಂದ ಕೇಳಿದ್ರು, ಏನಿಲ್ರಿ ಅಂದೆ. ಏನಿಲ್ಲ. ನನ್ನ ಗಂಡನ ಅಣ್ಣ, ನನ್ನ ಭಾವ, ನನ್ನ ಮುಂದಿನ ಕುರ್ಚಿಯೊಳಗ ಕುಂತಾನ, ಅಷ್ಟೇ.

ಕಟ್ಟಿಗಿ ಮ್ಯಾಲೆ ಇಂಚಿಗೊಂದು ಹಿತ್ತಾಳಿ ಗುರ್ತು, ಅದರ ಮ್ಯಾಲೆ ಜಾರೋ ಬಿಳಿ ರಟ್ಟು, ರಟ್ಟಿನ ನಡುವ ಕೂದಲೆಳಿಯಂಥ ಒಂದು ಕರಿ ಗೆರಿ, ದೂರದಿಂದ ಕಣ್ಣಿನ ಕಡಿ ಹೌರಗ ತರಬೇಕು, ಗೆರಿ ಮಸಕ ಆದಲ್ಲಿ ನಿಲ್ಲಸಬೇಕು, ಇಷ್ಟೇ ನನ್ನ ಕೆಲಸ, ಸಣ್ಣ ಹುಡುಗರಿಗೆ ಮೂರು ಇಂಚಿಗೆ ಬಂದ್ರೂ ಗೆರಿ ಗೆರಿನೇ, ಕಣ್ಣಿನೊಳಗ ತೊಗರಿ ಬ್ಯಾಳಿಯಂಥ ಒಂದು ಬಿಲ್ಲಿ ಅದ ಅಂತ ಹೇಳಿಕೊಟ್ಟಿದ್ರು ಸಾಹೇಬ್ರು, ಸಮೀಪ ನೋಡಬೇಕಂದ್ರ ಉಬ್ಬತದ, ದೂರ ನೋಡಬೇಕಂದ್ರ ಚಪ್ಪಟಾಗ್ತದ, ವಯಸ್ಸಾದಂಗ ಬಿರಸಾಗಿ ಉಬ್ಬೋದು ಬಿಡ್ತದ, — ಇಪ್ಪತ್ತೆರಡು, ಇಪ್ಪತ್ತು, ಗೆರಿ ನೆಟ್ಟಗದ ಏನ್ರಿ — ಅದರಿ — ಹತ್ತೊಂಬತ್ತು — ಅದರಿ — ಹದಿನೆಂಟು — ಹಾ, ಹೋತು ನೋಡ್ರಿ ಬಾಯೋರ, ಎರಡಾತು. ಹದಿನೆಂಟು ಇಂಚು. ಎಡಗಣ್ಣಿಗೂ ಹದಿನೆಂಟು, ಬಲಗಣ್ಣಿಗೂ ಹದಿನೆಂಟು, ಮೂರು ಸಲ ತಂದೆ, ಮೂರು ಸಲಾನೂ ಅಲ್ಲೇ ಹೋತು, ಇದಕ್ಕೂ ಮೊದಲು ದೂರದ ನಜರು ನೋಡೀನಿ ಇವಂದು, ಇಪ್ಪತ್ತು ಫೂಟಿನ ಆಚೆ ಗ್ವಾಡಿಗೆ ತಖ್ತಿ, ಓದು ಬರದವರಿಗೆ ಅಂತ ಅದರಾಗ ಬಾಚಣಿಕಿಯಂಗ ಮೂರು ಹಲ್ಲಿನ ಗುರ್ತು, ನಾ ಸೆರಗು ಮಾರಿ ಮ್ಯಾಲೆ ಎಳಕೊಂಡು ಬೆನ್ನು ತಿರುವಿ ನಿಂತು ಕೋಲು ಇಟ್ಟೆ, ಹಲ್ಲು ಯಾ ಕಡಿ ಅವ ಬಾಯಿಲೆ ಹೇಳ್ರಿ ಅಂದೆ, ಮ್ಯಾಲೆ ಅಂದ, ಎಡಕ್ಕ ಅಂದ, ಕೆಳಗ ಅಂದ, ಕಡೀ ಸಾಲಿನ ಗುರ್ತು ಇರವಿಯಷ್ಟು ಸಣ್ಣವು, ಒಂದೂ ತಪ್ಪಲಿಲ್ಲ ಕಳ್ಳ, ಒಂದೂ ತಪ್ಪಲಿಲ್ಲ.

ತಮ್ಮನ ಹೆಣ ಸಿಕ್ಕಮ್ಯಾಲೆ ಪೊಲೀಸ್ ಅಮೀನನ ಮುಂದ ಏನಂದಿದ್ದ ಇವ, ಇಡೀ ಊರು ಕೇಳಿದ್ದು, ನನ್ನ ಕಣ್ಣಿಗೆ ಹುಟ್ಟಾ ದೂರಿಂದು ಕಾಣಂಗಿಲ್ರಿ ಸರಕಾರ, ಸಮೀಪದ್ದಷ್ಟೇ, ಬೇಕಾದ್ರ ಸೂಜಿ ತರಸ್ರಿ, ಅಂತ, ಸೂಜಿ ತಂದ್ರು, ಎಲ್ಲಾರ ಮುಂದ ಪೋಣಿಸಿದ, ನೋಡ್ರಿ ಪಾಪ ಸಮೀಪದ್ದು ಎಷ್ಟು ಛಂದ ಕಾಣ್ತದ ಅಂತ ಮಂದಿ ನಂಬಿದ್ರು, ಇಪ್ಪತ್ತರ ಪೋರಿ ನಾನೂ ನಂಬಿದೆ, ಆವತ್ತಿಂದ ದಾರ್ಯಾಗ ಹೋಗೋರನ್ನ ಕಣ್ಣು ಕಿರಿದು ಮಾಡಿ ಯಾರಪ್ಪಾ ಅದು ಅಂತ ಕೇಳಿಕೋತ ಅಡ್ಡಾಡ್ಲಿಕತ್ತ. ಅಂವ, ನನ್ನ ಗಂಡ ಅಂಬರಾಯ, ಆವತ್ತು ಮುಂಜಾನೆ ಅಣ್ಣನ ಜೋಡಿ ಜಗಳಾಡಿ ಹೋಗಿದ್ದ, ಹರಗೋಲಿನ್ಯಾಗ ಇಬ್ಬರ ಹೊಟ್ಟಿ ತುಂಬಂಗಿಲ್ಲಣ್ಣ, ಭಂಕೂರದಾಗ ಕಲ್ಲಿನ ಕೆಲಸ ಸಿಕ್ಕದ, ಭೀಮವ್ವನ್ನ ಕರಕೊಂಡು ಅಲ್ಲೇ ಇರ್ತೀನಿ ಅಂದ, ಅಪ್ಪನ ಹೊಳಿ ಬಿಟ್ಟು ಹೋಗಾವ ಮತ್ತ ಈ ದಂಡಿಗೆ ಕಾಲಿಡಬ್ಯಾಡ ಅಂದ ಇವ, ಮೊಳಕಾಲಮಟ ನೀರಿತ್ತು ಕಾಗಿಣಾ ಹೊಳ್ಯಾಗ, ನಡಕೋತ ದಾಟಿ ಹೋದ, ಸಾಮಾನು ಒಯ್ಯಲಿಕ್ಕೆ ಸಂಜಿಗೆ ಹೊಳ್ಳಿ ಬರೋದ್ರಾಗ ಮ್ಯಾಲಿನ ಕಡಿ ಮಳಿ ಆಗಿ ಹೊಳಿ ಏರಲಿಕತ್ತಿತ್ತು, ಮರುದಿನ ಹೆಣ ಸಿಕ್ತು. ಆಡು ಕಾಯೋ ರೇವಣಪ್ಪ ಒಬ್ಬನೇ ಅಂದ, ದಿಬ್ಬದ ಮ್ಯಾಲಿಂದ ನಾ ನೋಡೀನಿ, ನೀರು ಏರೋವಾಗ ಮಾಣಿಕಪ್ಪ ಹರಗೋಲಿನ ಬಗಲಾಗೇ ನಿಂತು ಹೊಳಿ ಕಡಿ ನೋಡ್ಲಿಕತ್ತಿದ್ದ, ಅಂತ. ಅವಗ ಸುಳ್ಳಬುರಕ ಅಂದ್ರು. ಕುರುಡನ ಮ್ಯಾಲೆ ಅಪವಾದ ಹೊರಸ್ತಿ ಏನಲೇ ಅಂತ ಊರ ನೀರಿನ ಕಟ್ಟಿ ಹತ್ರ ಬರಗೊಡಲಿಲ್ಲ. ನನ್ನ ಕಾಲಗುಣ ಕೆಟ್ಟದ್ದು ಅಂದ್ರು, ಇವನೇ ಮೊದಲು ಅಂದ, ಊರು ಬಿಟ್ಟು ನಾ ಶಹಾಬಾದಿಗೆ ಬಂದು ಈ ದವಾಖಾನಿ ಕಸಾ ಹೊಡೆದೆ, ಸಾಹೇಬರ ಮನಿಯಾಕಿ ರಶೀದಾಬೇಗಂ ಅಕ್ಷರ ಕಲಿಸಿದಳು, ಸಾಹೇಬ್ರು ಅಳತಿ ಕಲಿಸಿದ್ರು, ಮತ್ತ ಒಂದು ಮಾತು ಕಲಿಸಿದ್ರು, ಹುಟ್ಟಾ ದೂರ ಕಾಣದವನ ಕಣ್ಣುಗುಡ್ಡಿನೇ ಬ್ಯಾರೆ ಇರ್ತದಮ್ಮ, ಅದು ವಯಸ್ಸಾತಂತ ನೆಟ್ಟಗಾಗಂಗಿಲ್ಲ, ಅಂಥಾವ ಮುಪ್ಪಿನ್ಯಾಗ ಚಷ್ಮಾ ಇಲ್ಲದೇ ಸೂಜಿ ಪೋಣಸ್ತಾನ, ದೂರದ ತಖ್ತಿ ಮಾತ್ರ ಸಾಯೋತನಕ ಓದಂಗಿಲ್ಲ, ಅಂತ. ಇವ ತಖ್ತಿ ಓದ್ಯಾನ. ಸೂಜಿ ಪೋಣಸಲಾರ. ಇವನ ಕಣ್ಣು ಎಲ್ಲಾರ ಕಣ್ಣಿನಂಗೇ ಇತ್ತು, ಹದ್ದಿನಂಗಿತ್ತು, ಆವತ್ತೂ ಹಂಗೇ ಇತ್ತು.

ಏನಾತ್ರಿ ಬಾಯೋರ, ಅಳತಿ ಮುಗೀತೇನ್ರಿ — ಏನಿಲ್ರಿ, ಚಷ್ಮಾದ ಗಾಜಿನ ಬಿಲ್ಲಿ ಹುಡುಕಲಿಕತ್ತೀನಿ — ಪೆಟಿಗ್ಯಾಗ ಸಾಲಾಗಿ ಬಿಲ್ಲಿಗಳು ಅವ, ತಪ್ಪು ನಂಬರು ಬರದ್ರ ಯಾರಿಗೂ ತಿಳಿಯಂಗಿಲ್ಲ, ದೂರ ಕಾಣದವರಿಗೆ ಹಾಕೋ ನಡುವ ತಗ್ಗಿದ ಬಿಲ್ಲಿ ಹಾಕಿದ್ರ ಬಲಿ ಗಂಟು ಅಲ್ಲ ಬಲಿನೇ ಕಾಣಂಗಿಲ್ಲ, ತಲಿ ತಿರುಗಿ ಹರಗೋಲಿನಿಂದ ಬಿದ್ರೂ ಬಿದ್ದ, ಬೀಳಲಿ, ಕೈ ಆ ಬಿಲ್ಲಿ ಮುಟ್ಟ್ಯದ, ತಣ್ಣಗದ — ಇಲ್ಲ, ಖರೇ ಬಿಲ್ಲಿನೇ ಹಾಕ್ತೀನಿ, ಸರೀ ನಂಬರಿಂದು, ಯಾಕಂದ್ರ ಇವ ನನ್ನ ಮಾರಿ ನೋಡಬೇಕು, ಮಸಕ ಇಲ್ಲದೇ, ಸುಕ್ಕು ಸುಕ್ಕು ಎಣಿಸಿ ನೋಡಬೇಕು. ಕಬ್ಬಿಣದ ಚೌಕಟ್ಟು ಮೂಗಿನ ಮ್ಯಾಲೆ ಇಟ್ಟೆ, ಎರಡೂ ಬಿಲ್ಲಿ ಕೂಡಿಸಿದೆ, ಸೆರಗು ಹಿಂದಕ್ಕ ಸರಿಸಿದೆ, ಈಗ ನೋಡ್ರಿ, ಛಂದ ಕಾಣ್ತದೇನು. ಮೊದಲು ತನ್ನ ಕೈ ನೋಡ್ಕೊಂಡ, ಉಗುರು ನೋಡ್ಕೊಂಡ, ನಕ್ಕ, ಆಮ್ಯಾಲೆ ಮಾರಿ ಎತ್ತಿದ, ನಗಿ ಹಂಗೇ ಬಾಯಾಗ ಉಳೀತು. ಭೀಮವ್ವ, ಅಂದ.

ಹೌದು ಭಾವ, ಭೀಮವ್ವ, ಅಂಬರಾಯನ ಹೇಣ್ತಿ, ನಿನ್ನ ದೂರದ ನಜರಿಗೆ ಒಂದು ಕೂದಲಷ್ಟೂ ಐಬಿಲ್ಲ, ಎಂದೂ ಇದ್ದಿಲ್ಲ, ಕಟ್ಟಿಗಿ ಹೇಳ್ಯದ, ತಖ್ತಿ ಹೇಳ್ಯದ, ಅಂದೆ, ಆವಾಜ ಏರಿಸಲಿಲ್ಲ, ಬೈಯೋದು ಹದಿನಾಲ್ಕು ವರ್ಷದಿಂದ ಕೂಡಿಸಿ ಇಟ್ಟಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಎದ್ದು ಹೋಗ್ತಾನ ಅಂದ್ಕೊಂಡೆ. ಕುಂತೇ ಇದ್ದ. ಕಂಡಿತ್ತು, ಅಂದ. ತಮ್ಮ ಹೊಳಿ ನಡುವಿನ ಬಂಡೆಗಲ್ಲಿನ ಮ್ಯಾಲೆ ಸಿಕ್ಕಿದ್ದ, ಕಂಡಿತ್ತು, ಮುಂಜಾನಿ ಸಿಟ್ಟು ಇತ್ತು, ಸ್ವಲ್ಪ ಹೊತ್ತು ಅಂಜಲಿ, ಅಣ್ಣಾ ಅಂತ ಕರೀಲಿ, ಆಮ್ಯಾಲೆ ಹೋಗ್ತೀನಿ ಅಂದ್ಕೊಂಡೆ, ಕರದ, ಇನ್ನೊಮ್ಮೆ ಕರೀಲಿ ಅಂದ್ಕೊಂಡೆ, ಆಮ್ಯಾಲೆ ನೀರು ಒಮ್ಮಿಗ್ಲೇ ಬಂತು, ಹುಟ್ಟು ಹಾಕಲಿಕ್ಕೆ ನನಗೇ ಅಂಜಿಕಿ ಆತು, ಅಂದ. ಎಷ್ಟು ಹೊತ್ತು, ಅಂತ ಕೇಳಿದೆ, ಯಾಕ ಕೇಳಿದೆ, ಒಂದೇ ಪೆಟ್ಟಿಗೆ ಹೋದ, ಕಾಲು ಜಾರಿ ಹೋದ, ಗೊತ್ತೇ ಆಗಿರಲಿಕ್ಕಿಲ್ಲ ಅಂತ ಎಲ್ಲಾರೂ ನನಗ ಹೇಳಿದ್ರು, ನಾನೂ ದಿನಾ ಅದನ್ನೇ ಹೇಳ್ಕೊಂಡು ಮಲಗೀನಿ. ಭಾಳ ಹೊತ್ತವ್ವ, ಅಂದ, ಹೊತ್ತು ಮುಳುಗೋ ತನಕ, ಧ್ವನಿ ಬಿದ್ದಮ್ಯಾಲೆ ತಲಿ ರುಮಾಲು ಬಿಚ್ಚಿ ಬೀಸಲಿಕತ್ತಿದ್ದ.

ಚೌಕಟ್ಟು ತಗದೆ, ಇವನ ಕಣ್ಣು ಮತ್ತ ಮಸಕ ಆತು, ಸರೀ ನಂಬರೇ ಬರದೆ, ದೂರದ ನಜರು ಪೂರ, ಸಮೀಪ ಹದಿನೆಂಟು ಇಂಚು, ಇನ್ನೊಂದು ಕಾಗದದ ಮ್ಯಾಲೆ ಅದನ್ನೇ ಬರದೆ, ಇದು ರೇವಣಪ್ಪಗ ಹೋಗ್ತದ ಭಾವ, ಸಾಹೇಬರ ಸಿಕ್ಕಾದ ಮುದ್ರಿ ಒತ್ತಿಸಿ, ಊರ ಕಟ್ಟಿ ಮ್ಯಾಲೆ ಕುಂತ ಮಂದಿ ಮುಂದ ಓದಸ್ತಾನ, ಚಷ್ಮಾ ಸೋಮವಾರ ಬರ್ತದ, ಸಾಹೇಬರ ಕೈಲೆ ತಗೋ, ನನ್ನ ಕೈಲೆ ಅಲ್ಲ. ಓದಸಲಿ, ಅಂದ, ಬಾಗಿಲು ತಡಕಾಡದೇ ನೆಟ್ಟಗ ಹೋದ, ಕಣ್ಣು ಕಿರಿದು ಮಾಡಲಿಲ್ಲ. ಮುಂದಿನವರು ಬರ್ರಿ, ಯಾರೋ ಮುದುಕಿ ಬಂದು ಕುಂತಳು, ಕಟ್ಟಿಗಿ ಗಲ್ಲಕ್ಕ ಹಚ್ಚಿದೆ, ಗೆರಿ ಕಾಣ್ತದೇನವ್ವಾ — ಕಾಣ್ತದ, ನೀ ಯಾಕ ನಿಂತಿ ತಾಯಿ, ಸರಸು — ಸರಸ್ತೀನಿ, ರಟ್ಟು ಸರಿಯವಲ್ದು, ಅರಿಷಿಣದ ನೀರಾಗ ಅದ್ದಿ ನಾನೇ ಬಣ್ಣ ಕಟ್ಟಿದ ರುಮಾಲು, ಆರು ಮೊಳ, ಆ ದಂಡಿಗೆ ಕಾಣಲಿ ಅಂತ ಪೂರಾ ಬಿಚ್ಚಿರಬೇಕು, ತಲಿ ಮ್ಯಾಲಿಂದ ಬೀಸಿರಬೇಕು, ಕೈ ಸೋತಾಗ ಇನ್ನೊಂದು ಕೈಗೆ — ಸರಸು ತಾಯಿ — ಹಳದಿ ರುಮಾಲು, ತೊಯ್ದು ಭಾರಾಗೇದ, ಬೀಸಲಿಕತ್ತದ, ನಿಂತಿತು, ಮತ್ತ ಬೀಸಲಿಕತ್ತದ, ಹಳದಿ, ಬೀಸಲಿಕತ್ತದ —