ಗೋಡೆಗೆ ಹೇಳಿದ ಮಾತು

ಕುದಿಯುತ್ತಿದೆ, ಸೂಜಿಗಳು ಡಬ್ಬಿಯ ತಳಕ್ಕೆ ಬಡಿಯುವ ಸದ್ದು, ಟಿಣ್ ಟಿಣ್, ಯಾರೋ ಸ್ಟೋವ್ ದೊಡ್ಡದು ಮಾಡಿ ಹೋಗಿದ್ದಾರೆ, ನೀರು ಬತ್ತಿದರೆ ಗಾಜಿನ ಸಿರಿಂಜು ಒಡೆದುಹೋಗುತ್ತದೆ, ಎದ್ದು ಹೋಗಿ ಸಣ್ಣದು ಮಾಡಲೇ, ಬೇಡ, ಆ ಕೋಣೆಗೆ ನನ್ನನ್ನು ಬಿಡಬಾರದೆಂದು ನಿನ್ನೆಯಿಂದ ಆರ್ಡರ್ ಆಗಿದೆ, ಹದಿನಾಲ್ಕು ವರ್ಷ ಆ ಡಬ್ಬಿ ಕುದಿಸಿದ ಕಂಪೌಂಡರ್ ನಿಜಗುಣಪ್ಪ ಈಗ ರೋಗಿಗಳ ಬೆಂಚಿನ ಮೇಲೆ ಕೂತು ತನ್ನ ಪಾಳಿ ಕಾಯಬೇಕು — ಒಳಗೆ ಡಾಕ್ಟರರ ಕೋಣೆಯಲ್ಲಿ ವಿಚಾರಣೆಗೆಂದು ಬೆಳಗಾವಿಯಿಂದ ಬಂದ ಸಾಹೇಬರು, ಅವರ ಮುಂದೆ ನರ್ಸ್ ಮರೆವ್ವ, ಬಾಗಿಲು ಅರ್ಧ ಮುಚ್ಚಿದೆ, ಅವಳ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಸತ್ತವನು ಅಮೋಘಸಿದ್ದಪ್ಪ, ಹೂಲಿಯ ಕುರುಬ, ಮೊನ್ನೆ ಸೋಮವಾರ ಹನ್ನೊಂದೂವರೆಗೆ, ನಾನು ಚುಚ್ಚಿದ ಪೆನ್ಸಿಲಿನ್‌ಗೆ. ನಾನೇ ಚುಚ್ಚಿದ್ದು. ಅಲ್ಲ, ಚೀಟಿ ಬರೆದದ್ದು ಡಾಕ್ಟರರು, ಮೈಗೆ ಒಗ್ಗುತ್ತದೋ ಇಲ್ಲವೋ ನೋಡಲು ಮುಂಗೈಯ ಚರ್ಮದಡಿ ಒಂದು ಹನಿ ಹಾಕಿ ಸುತ್ತ ನೀಲಿ ಪೆನ್ನಿನಿಂದ ಉಂಗುರ ಬರೆದದ್ದು ಮರೆವ್ವ, ಆಮೇಲೆ ಚುಚ್ಚಿದ್ದು ಮಾತ್ರ ನಾನು, ಹೀಗೆ ಮೂವರಿಗೆ ಹಂಚಿದರೆ ಹಗುರಾಗುತ್ತದೆಂದು ಎರಡು ದಿನದಿಂದ ಹಂಚುತ್ತಲೇ ಇದ್ದೇನೆ, ಹಗುರಾಗುವುದಿಲ್ಲ, ಕಂಬಳಿಯ ಕೂದಲು ಅಂಟಿದ ಕಪ್ಪು ಮುಂಗೈ, ಅದರ ಮೇಲೆ ನೀಲಿ ಉಂಗುರ.

ಕ್ಲಾರ್ಕ್ ದುಂಡಪ್ಪ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಕಿವಿಯ ಹತ್ತಿರ ಬಾಯಿ ತಂದ, ಇದರಾಗ ವಿಚಾರ ಮಾಡೂದೇನೈತಿ ಅಣ್ಣಾ, ನರ್ಸಬಾಯಿ ನೋಡೀನಿ ಹಾಕ್ರಿ ಅಂದ್ಳು, ನಾ ಹಾಕಿದೆ, ಇಷ್ಟ ಅನ್ನು, ನಿನ್ನ ನೌಕರಿ ಉಳೀತದ, ಆಕಿ ಮಾತು ಯಾರು ನಂಬ್ತಾರ — ಯಾರೂ ನಂಬುವುದಿಲ್ಲ, ಅದು ನನಗೂ ಗೊತ್ತು. ಅವಳು ನನಗೆ ಅಂದಳು ಎಂದರೆ ನಾವಿಬ್ಬರೂ ಮಾತಾಡಿದೆವು ಎಂದಾಗಬೇಕು, ಮಾತು ಬಿಟ್ಟು ಮೂರು ವರ್ಷವಾಯಿತು, ಊರಿಗೆಲ್ಲ ಗೊತ್ತು, ಗೊತ್ತಿದ್ದೂ ಊರೆಲ್ಲ ನನ್ನ ಪರವಾಗಿ ಆಣೆ ಮಾಡುತ್ತದೆ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತವಳಿಗೆ ಹೇಳಬೇಕಾದದ್ದನ್ನು ಆಯಾ ದೇವಕ್ಕನಿಗೆ ಹೇಳುತ್ತಿದ್ದೆ, ದೇವಕ್ಕಾ, ಅವರಿಗೆ ಹೇಳು, ಹತ್ತಿ ಮುಗದೈತಿ ಅಂತ, ಅವಳೂ ಅಷ್ಟೇ ಬಿಗುಮಾನದಿಂದ, ತರಸಬೇಕಂತ ಹೇಳ ದೇವಕ್ಕಾ, ದೇವಕ್ಕ ಸೊಂಟದ ಮೇಲೆ ಕೈಯಿಟ್ಟು, ಇಬ್ಬರಿಗೂ ಕಿವಿ ಅದಾವಲ್ಲ, ನಾ ಯಾಕ ನಡುವ ಸಾಯ್ಲಿ ಅನ್ನುತ್ತಿದ್ದಳು, ಬೆಂಚಿನ ಮೇಲಿನ ರೋಗಿಗಳು ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಕಾರಣ ಅವಳು ಹುಟ್ಟಿದ ಕೇರಿ. ಅಷ್ಟೇ. ಇನ್ನೇನಾದರೂ ಕಾರಣ ಸಿಗಬಹುದೇ ಎಂದು ನಿನ್ನೆಯಿಂದ ಹುಡುಕುತ್ತಿದ್ದೇನೆ, ಇಲ್ಲ, ಒಂದೂ ಇಲ್ಲ.

ಅದಕ್ಕೂ ಮೊದಲು ಮಾತಾಡಿದ್ದೆವು, ಹೂಲಿಯಲ್ಲಿ, ಎಪ್ಪತ್ನಾಲ್ಕರ ಶ್ರಾವಣ, ವಾಂತಿಭೇದಿ, ಹಳೆಯ ಗುಡಿಯ ಕಲ್ಲುಹಾಸಿನ ಮೇಲೆ ನಲವತ್ತೊಂದು ಮಂದಿ, ಕಾಲಿಡಲು ಜಾಗವಿಲ್ಲ, ನಾವು ಮುಟ್ಟುವ ಮೊದಲೇ ಒಬ್ಬ ಮುದುಕಿ ಹೋಗಿದ್ದಳು, ಮುಟ್ಟಿದ ಮೇಲೆ ಒಬ್ಬರೂ ಹೋಗಲಿಲ್ಲ, ಒಬ್ಬರೂ — ಡಾಕ್ಟರರು ಪ್ಯಾಂಟು ಮಡಚಿ ಬಕೆಟ್ಟು ಹೊತ್ತರು, ದೇವಕ್ಕ ಹಂಡೆಗಟ್ಟಲೆ ನೀರು ಕುದಿಸಿದಳು, ನಾನು ಸಲಾಯಿನ್ ಬಾಟಲಿ ಕಟ್ಟುತ್ತ ಹೋದೆ, ಬರೆಯಲು ಕಾಗದವಿರಲಿಲ್ಲ, ಮರೆವ್ವ ನೀಲಿ ಪೆನ್ನಿನಿಂದ ಒಬ್ಬೊಬ್ಬರ ಕೈ ಮೇಲೆ ಎಷ್ಟನೆಯ ಬಾಟಲಿ ಎಂದು ಬರೆಯುತ್ತಿದ್ದಳು, ಬರೆದು ಸುಮ್ಮನಿರುತ್ತಿರಲಿಲ್ಲ, ಆ ತುದಿಯಿಂದ ಕೂಗುತ್ತಿದ್ದಳು, ನಿಜಗುಣಪ್ಪಾರ, ಕಂಬದ ಬುಡಕಿನವಗ ಮೂರು ಆದುವು, ನಾನು ಈ ತುದಿಯಿಂದ, ಮೂರು ಏನ್ರಿ ಮರೆವ್ವಾರ, ಹೌದ್ರಿ, ಮೂರು. ಹೇಳಿ, ತಿರುಗಿ ಕೇಳಿ, ಹೌದೆನಿಸಿಕೊಂಡು, ನಾಲ್ಕು ದಿನ ಹೀಗೆಯೇ, ಜಾತಿ ಕೇಳಲು ಯಾರಿಗೆ ಪುರುಸೊತ್ತಿತ್ತು. ಆ ಕಂಬದ ಬುಡದವನೇ ಅಮೋಘಸಿದ್ದಪ್ಪ, ಬತ್ತಿದ ಕೈಯಲ್ಲಿ ನರವೇ ಸಿಗಲಿಲ್ಲ, ನಾನು ಮೊಣಕೈ ಬಿಗಿಹಿಡಿದೆ, ಅವಳು ಬೆರಳಲ್ಲಿ ತಡವಿ ಹುಡುಕಿ ಸೂಜಿ ಸೇರಿಸಿದಳು, ಬದುಕಿದ. ಮೂರನೆಯ ದಿನ ನಾನೇ ತಲೆ ತಿರುಗಿ ಕೂತಾಗ ತಂಬಿಗೆ ತಂದು ಬಾಯಿಗೆ ಹಿಡಿದಳು, ಕುದಿಸಿ ಆರಿಸಿದ ನೀರು, ಕುಡಿದೆ, ಜೀವ ಬಂತು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು, ಅವ್ವ ಬಾಗಿಲಲ್ಲಿ ಅಡ್ಡ ನಿಂತು, ಆಕಿ ಕೈಯಾನ ನೀರು ಕುಡದಿಯಂತ, ಹಿತ್ತಲಕ ಹೋಗಿ ಮೈ ತೊಳಕೊಂಡು ಒಳಗ ಬಾ, ನಲವತ್ತು ಜೀವ ಉಳಿಸಿ ಬಂದವನು ಹಿತ್ತಲಿಗೆ ಹೋಗಿ ತೊಳೆದುಕೊಂಡೆ. ಮರುದಿನದಿಂದ, ದೇವಕ್ಕಾ, ಅವರಿಗೆ ಹೇಳು.

ಮೊನ್ನೆ ದೇವಕ್ಕ ಇರಲಿಲ್ಲ, ತಂಗಿಯ ಮಗಳ ಮದುವೆಗೆ ದೊಡವಾಡಕ್ಕೆ ಹೋಗಿದ್ದಳು. ಅಮೋಘಸಿದ್ದಪ್ಪ ಜಾಲಿಮುಳ್ಳು ನೆಟ್ಟು ಕೀವಾದ ಕಾಲು ಎಳೆದುಕೊಂಡು, ಹೆಂಡತಿ ಗುರವ್ವನ ಹೆಗಲು ಹಿಡಿದು ಬಂದ, ಹೂಲಿಗೆ ಸವದತ್ತಿಯ ದವಾಖಾನೆ ಹತ್ತಿರವಿದ್ದರೂ ಬಸ್ಸು ಹಿಡಿದು ಇಲ್ಲಿಗೇ ಬಂದ, ನೀವಿಬ್ರೂ ಇದ್ದಲ್ಲೆ ನನಗ ಯಾವ ಹೆದರಿಕಿ ಅಂದ, ನೀವಿಬ್ರೂ, ಮೂರು ವರ್ಷದಲ್ಲಿ ನಮ್ಮಿಬ್ಬರನ್ನು ಒಂದೇ ಮಾತಿನಲ್ಲಿ ಸೇರಿಸಿದವನು ಅವನೊಬ್ಬನೇ. ಮರೆವ್ವ ಹನಿ ಹಾಕಿದಳು, ಉಂಗುರ ಬರೆದಳು, ಅಷ್ಟರಲ್ಲಿ ಚಕ್ಕಡಿಯಲ್ಲಿ ಹೆರಿಗೆಯವಳನ್ನು ತಂದರು, ಕೂಸು ಅಡ್ಡ ತಿರುಗಿತ್ತು, ಡಾಕ್ಟರರು ಕರೆದರು, ಓಡುತ್ತ ಮರೆವ್ವ ಗೋಡೆಗೆ ಹೇಳಿದಳು, ಅರ್ಧ ತಾಸಿನ ಮ್ಯಾಲೆ ಯಾರರ ಕರೀರಿ, ಕೈ ನಾ ನೋಡಬೇಕು. ಕೋಣೆಯಲ್ಲಿದ್ದ ನೌಕರ ನಾನೊಬ್ಬನೇ. ಕೇಳಿಸಿತು. ಕೇಳಿಸಿತು ಎಂದು ಈವರೆಗೆ ಯಾರಿಗೂ ಹೇಳಿಲ್ಲ. ಅರ್ಧ ತಾಸಾಯಿತು, ಉಂಗುರದೊಳಗೆ ಕೆಂಪಾಗಿದೆ, ಕೆಂಪಾಗಿ ಉಬ್ಬಿದರೆ ಚುಚ್ಚಬಾರದು, ಉಬ್ಬಿದೆಯೋ ಇಲ್ಲವೋ, ಕಂಬಳಿ ತಿಕ್ಕಿ ಕೆಂಪಾಗಿರಬೇಕು, ಕೇಳಿಬಿಡೋಣ, ಸಿರಿಂಜು ತುಂಬಿ ಹಿಡಿದುಕೊಂಡು ಹೆರಿಗೆ ಕೋಣೆಯ ಪರದೆಯವರೆಗೆ ಹೋದೆ, ಎಂಟು ಹೆಜ್ಜೆ, ನಿಂತೆ, ಏನೆಂದು ಕರೆಯಲಿ, ಸಿಸ್ಟರ್, ಬಾಯಾರ, ಏ, ಮರೆವ್ವಾರ — ನಾಲಿಗೆ ತಿರುಗಲಿಲ್ಲ, ಪರದೆಯ ಕೆಳಗೆ ಅವಳ ಬಿಳಿ ಸೀರೆಯ ಅಂಚು ಕಾಣುತ್ತಿತ್ತು, ಹಿಂದಿರುಗಿದೆ. ಉಂಗುರ ಇದೆಯಲ್ಲ, ನೋಡಿಯೇ ಇರುತ್ತಾಳೆ ಎಂದುಕೊಂಡೆ, ನೋಡಿಲ್ಲವೆಂದು ಗೊತ್ತಿದ್ದೂ. ಚುಚ್ಚಿದೆ. ಯಾಕೋ ಗಂಟಲಾ ಬಿಗದಂಗ ಆಗಾಕತ್ತೈತ್ರಿ ಅಂದ, ಕಂಬಳಿ ಜಾರಿತು, ಬಿದ್ದ, ಆಗ ಬಂತು ಬಾಯಿಗೆ, ಮರೆವ್ವಾರ, ಮರೆವ್ವಾರ, ಓಡಿ ಬರ್ರಿ, ದವಾಖಾನೆಯೆಲ್ಲ ಕೇಳುವಂತೆ, ಎಷ್ಟು ಸಲೀಸಾಗಿ ಬಂತು ಹೆಸರು. ಪರದೆಯಾಚೆ ಕೂಸು ಆಗಷ್ಟೇ ಅತ್ತಿತ್ತು, ಅಲ್ಲಿ ಇಬ್ಬರು ಸೇರಿ ಒಂದು ಜೀವ ಉಳಿಸಿದ್ದರು, ರಕ್ತದ ಕೈಯಲ್ಲೇ ಬಂದರು, ಅಡ್ರಿನಾಲಿನ್ ಚುಚ್ಚಿದರು, ಎದೆ ಒತ್ತಿದೆವು, ಹೂಲಿಯಲ್ಲಿ ಸೇರಿದ ಹಾಗೆ ಮೂವರೂ ಸೇರಿ, ಸೇರುವ ಹೊತ್ತು ಮುಗಿದಿತ್ತು. ಗುರವ್ವ ಆ ಕೈ ಬಿಡಲೊಲ್ಲಳು, ಹೆಣ ತೊಳೆದರೂ ಶಾಯಿ ಹೋಗಲಿಲ್ಲವಂತೆ, ಉಂಗುರದ ಸಮೇತ ಮಣ್ಣು ಮಾಡಿದರಂತೆ.

ಸ್ಟೋವ್ ಯಾರೋ ಆರಿಸಿದರು, ಸೂಜಿಗಳ ಸದ್ದು ನಿಂತಿತು, ಈಗ ಮಾತು ಕೇಳಿಸುತ್ತಿದೆ, ತಪ್ಪು ನಂದೂ ಐತ್ರಿ ಸಾಹೇಬ್ರ, ಮಾರಿ ನೋಡಿ ಹೇಳಬೇಕಾಗಿತ್ತು, ನಾ ಗೋಡಿಗೆ ಹೇಳಿದೆ — ಇಷ್ಟೇ, ನನ್ನ ಮೇಲೆ ಒಂದು ಮಾತಿಲ್ಲ, ಬೈದಿದ್ದರೆ ನನಗೂ ಸುಲಭವಾಗುತ್ತಿತ್ತು. ಹೊರಗೆ ಬಂದಳು, ಕಣ್ಣು ಊದಿದೆ, ನನ್ನೆದುರು ನಿಂತಳು, ನಡುವೆ ಯಾರೂ ಇಲ್ಲ, ನಿಮ್ಮನ್ನ ಕರದಾರ, ಹೋಗ್ರಿ. ಒಳಗೆ ಸಾಹೇಬರು, ಗೋಡೆಯ ಹತ್ತಿರ ಫೈಲು ಹಿಡಿದ ದುಂಡಪ್ಪ, ಕೆಮ್ಮುತ್ತಾನೆ, ಸಿಸ್ಟರ್ ನಿಮಗ ಏನರ ಹೇಳಿದ್ರೇನು, ಸಾಹೇಬರು ಕೇಳುತ್ತಿದ್ದಾರೆ, ನೋಡೀನಿ ಹಾಕ್ರಿ ಅಂದ್ಳು, ನಾಲಿಗೆಯ ತುದಿಯಲ್ಲೇ ಇದೆ, ಮೂರೇ ಮಾತು, ನೌಕರಿ, ಅವ್ವ, ಮನೆ, ಅವಳ ನೌಕರಿ, ಅವಳ ಮನೆ, ಇರ್ಲಿ, ಸಾಹೇಬರೇ ಅಂದರು, ಮೊದಲ ಆ ಉಂಗುರ ಎಲ್ಲಿತ್ತು ಅಂತ ನಿಮ್ಮ ಕೈ ಮ್ಯಾಲೆ ತೋರಸ್ರಿ, ಪೆನ್ನು ಸರಿಸಿದರು, ನೀಲಿ, ತೋಳು ಮೇಲೇರಿಸಿದೆ, ಇಲ್ಲಿತ್ರಿ, ಮುಂಗೈ ಮೇಲೆ ಬರೆದೆ, ಸುತ್ತು ಸೊಟ್ಟಗಾಯಿತು, ತುದಿಗೆ ತುದಿ ಕೂಡಿತು, ಒಳಗ ಏನಿತ್ತು, ಒಳಗೆ, ನನ್ನ ಚರ್ಮ ಬೆಳ್ಳಗಿದೆ, ಏನೂ ಇಲ್ಲ, ಒಳಗ ಏನಿತ್ತು ಹೇಳ್ರಿ, ಕೆಂಪಿತ್ರಿ, ಆಕಿ ಹೇಳಿದ್ದು ಕೇಳಿಸಿತ್ರಿ, ನಾ ನೋಡಿದ್ನಿ, ಕೆಂಪಿತ್ತು, ದುಂಡಪ್ಪನ ಕೆಮ್ಮು ನಿಂತಿತು, ಉಂಗುರ, ಸೊಟ್ಟ ಉಂಗುರ, ನೀಲಿ, ಒಳಗೆ ಕೆಂಪು, ನೀಲಿ ಉಂಗುರ, ಒಳಗೆ ಕೆಂಪು