ಡ್ರೈವರಮ್ಮ ಸಹಿ ಹಾಕಲಿಲ್ಲ

"ಇಲ್ಲೊಂದು ಸಹಿ ಹಾಕಮ್ಮ, ಮುಗೀತು," ಅಂತ ಆಸ್ಪತ್ರೆ ವರ್ಕ್‌ಶಾಪಿನ ಹೆಡ್ ಮೇಸ್ತ್ರಿ ಕಾಗದವನ್ನು ಬಾನೆಟ್ಟಿನ ಮೇಲಿಟ್ಟ. ಗಾಡಿಯಲ್ಲಿ ದೋಷವಿಲ್ಲ, ಚಾಲಕಿಯೇ ಬ್ರೇಕನ್ನು ಸರಿಯಾಗಿ ಒತ್ತಿಲ್ಲ ಅಂತ ಅದರಲ್ಲಿ ಬರೆದಿತ್ತು.

ಡ್ರೈವರಮ್ಮ ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಆ ಹಳೇ ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ ನರ್ಸುಗಳನ್ನೂ ಲಸಿಕೆ ಪೆಟ್ಟಿಗೆಯನ್ನೂ ಗುಡ್ಡದ ಊರುಗಳಿಗೆ ತಲುಪಿಸುತ್ತಿದ್ದವಳು. ಈ ತಿಂಗಳಲ್ಲಿ ಮೂರು ಸಲ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಕಲ್ಲಾಗಿತ್ತು. ಎರಡನೇ ಸಲ ಆದಮೇಲೆ ಮೇಸ್ತ್ರಿ ಬೂಸ್ಟರನ್ನೇ ಬದಲಾಯಿಸಿದ್ದ. ಕಾಲಿನ ಒತ್ತಡಕ್ಕೆ ಬಲ ಕೊಡುವ ದುಂಡನೆಯ ಡಬ್ಬಿ ಅದು. ಆದರೂ ಮೂರನೇ ಸಲ ಇಳಿಜಾರಿನಲ್ಲೇ ಕೈಕೊಟ್ಟಿತು. ಹಿಂದೆ ಇಬ್ಬರು ನರ್ಸುಗಳು ಕಿರುಚುತ್ತಿದ್ದರು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಉಜ್ಜಿಸಿ ನಿಲ್ಲಿಸುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು.

"ನಾನು ಓಡಿಸಿದ್ರೆ ಬ್ರೇಕು ಬೆಣ್ಣೆ ಥರ ಹಿಡಿಯುತ್ತೆ," ಅಂದ ಮೇಸ್ತ್ರಿ. "ವಯಸ್ಸಾಯ್ತಮ್ಮ, ಕಾಲಲ್ಲಿ ಕಸುವಿಲ್ಲ. ಒಪ್ಕೊಂಡ್ರೆ ಆಫೀಸಲ್ಲಿ ಕೂತು ಮಾಡೋ ಕೆಲಸ ಕೊಡ್ತಾರೆ."

"ಜಪ್ಪಯ್ಯ ಅಂದ್ರೂ ಸಹಿ ಹಾಕಲ್ಲ. ನಾಳೆ ಬೆಳಗ್ಗೆ ನೀವೂ ಗಾಡಿ ಹತ್ತಿ."

ದೊಡ್ಡ ಡಾಕ್ಟರ ಕೋಣೆಗೆ ಅವಳೇ ಹೋಗಿ ಗಾಡಿ ಪರೀಕ್ಷಿಸಲು ಒಂದು ಬೆಳಗಿನ ಅವಕಾಶ ಕೇಳಿದಳು. ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ಮರುದಿನ ಅವಳ ಜೊತೆ ಅಕ್ಕನೂ ಬಂದಳು. ಅಕ್ಕ ಡೈರಿಯಲ್ಲಿ ಹಾಲು ಕರೆಯುವ ಯಂತ್ರಗಳ ರಿಪೇರಿಯವಳು. ಬ್ರೇಕಿನ ಬೂಸ್ಟರಿನಂತೆ ಅವೂ ಗಾಳಿಯ ಸೆಳೆತದಿಂದಲೇ ಕೆಲಸ ಮಾಡುವಂಥವು. ಅವಳ ಚೀಲದಲ್ಲಿ ಗಾಳಿಯ ಸೆಳೆತ ಅಳೆಯುವ ಎರಡು ಮೀಟರುಗಳೂ ಬಿಡಿ ರಬ್ಬರ್ ಹೋಸುಗಳೂ ಇದ್ದವು.

"ಎಮ್ಮೆ ಡಾಕ್ಟರನ್ನ ಕರ್ಕೊಂಡು ಬಂದಳಪ್ಪೋ!" ಅಂತ ಮೇಸ್ತ್ರಿ ನಕ್ಕ.

"ಎಮ್ಮೆಗಳು ನಿಮಗಿಂತ ವಾಸಿ. ನೋವಿದ್ರೆ ನೋವು ಅನ್ನುತ್ವೆ," ಅಂದಳು ಅಕ್ಕ, ತಲೆ ಎತ್ತದೆ.

ಎಂಜಿನ್ನಿನ ಪಂಪು ಹೋಸೆಂಬ ರಬ್ಬರ್ ಕೊಳವೆಯ ಮೂಲಕ ಬೂಸ್ಟರಿನ ಗಾಳಿ ಹೀರುತ್ತಿತ್ತು; ಆ ಸೆಳೆತವೇ ಬ್ರೇಕಿಗೆ ಬಲ. ಅಕ್ಕ ಒಂದು ಮೀಟರನ್ನು ಪಂಪಿನ ಬಳಿ, ಇನ್ನೊಂದನ್ನು ಬೂಸ್ಟರಿನ ಬಳಿ ಸೇರಿಸಿ, ಎರಡರ ಮುಖವನ್ನೂ ಕಿಟಕಿಯಿಂದ ಒಳಗೆ ತಂದಳು. ಗುಡ್ಡ ಹತ್ತಿದರು, ಇಳಿದರು. ಇಪ್ಪತ್ತು ಸಲ ಬ್ರೇಕ್ ಒತ್ತಿದರೂ ಮುಳ್ಳುಗಳು ಪೂರ್ತಿ ಸೆಳೆತದ ಗುರುತಿನಿಂದ ಕದಲಲಿಲ್ಲ. ಹಿಂದಿನ ಸೀಟಿನಲ್ಲಿ ಮೇಸ್ತ್ರಿ ಆಕಳಿಸಿದ.

ಡ್ರೈವರಮ್ಮ ಗೇರ್ ಇಳಿಸಿ ಗಾಡಿಯನ್ನು ನಿಧಾನಿಸಿದಳು. ಸ್ಟಿಯರಿಂಗ್ ಬಿಡದೆ ಯೋಚಿಸಿದಳು. ಆ ಮೂರು ದಿನ ಮೇಸ್ತ್ರಿ ಮಾಡದ ಯಾವ ಕೆಲಸ ತಾನು ಮಾಡಿದ್ದೆ? ಲಸಿಕೆ ಪೆಟ್ಟಿಗೆ! ಗಾಡಿಯ ಕರೆಂಟಿನಿಂದ ಅದು ತಣ್ಣಗಿರಲಿ ಅಂತ ಆ ಮೂರು ದಿನವೂ ಬಿಸಿಲಲ್ಲಿ ನಿಂತಲ್ಲೇ ಎಂಜಿನ್ ಓಡಿಸಿದ್ದಳು.

ಊರಾಚೆಯ ಖಾಲಿ ಮೈದಾನಕ್ಕೆ ಗಾಡಿ ತಂದು, ಎಂಜಿನ್ ಆರಿಸದೆ ನಿಲ್ಲಿಸಿದಳು. "ಒಂದು ಗಂಟೆ ಕಾಯೋಣ."

"ನನಗೆ ಬೇರೆ ಕೆಲಸ ಇಲ್ವಾ?"

"ಇದೇ ನಿಮ್ಮ ಕೆಲಸ."

ಬಾನೆಟ್ಟು ಕಾದ ಹೆಂಚಾಯಿತು. ಗಂಟೆ ಕಳೆದ ಮೇಲೆ ಅವಳು ಕೆಳಗಿಳಿದು ಬಾಗಿಲು ತೆರೆದು ಹಿಡಿದಳು. "ಈಗ ನೀವು ಓಡಿಸಿ. ನಿಮ್ಮ ಕಾಲಲ್ಲಿ ಕಸುವಿದೆಯಲ್ಲ!"

ಮೇಸ್ತ್ರಿ ಮೈದಾನದಲ್ಲಿ ನಿಧಾನವಾಗಿ ಓಡಿಸಿದ. ಮೊದಲ ಸಲ ಬ್ರೇಕ್ ಹಿಡಿಯಿತು. ಎರಡನೇ ಸಲಕ್ಕೆ ಬೂಸ್ಟರಿನ ಮೀಟರ್ ಅರ್ಧಕ್ಕಿಳಿಯಿತು. ಮೂರನೇ ಸಲಕ್ಕೆ ಸೊನ್ನೆ. ಅವನು ಹಲ್ಲು ಕಚ್ಚಿ ಸೀಟಿನಿಂದ ಎದ್ದು ನಿಂತು ಒತ್ತಿದರೂ ಗಾಡಿ ಮೈದಾನದ ಅಂಚಿನವರೆಗೆ ಹೋಗಿಯೇ ನಿಂತಿತು. ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂತು.

"ಪಂಪಿನ ಕಡೆ ಮುಳ್ಳು ಪೂರ್ತಿ ಇದೆ, ಬೂಸ್ಟರ್ ಕಡೆ ಏನೂ ಇಲ್ಲ," ಅಂದಳು ಅಕ್ಕ. "ಅಂದ್ರೆ ನಡುವಿನ ಹೋಸಲ್ಲೇ ಅಡ್ಡಿ."

ಹೋಸು ಹೊರಗಿನಿಂದ ಗಟ್ಟಿಮುಟ್ಟಾಗಿ, ಕರ್ರಗೆ ಹೊಳೆಯುತ್ತಿತ್ತು. ಅಕ್ಕ ಅದನ್ನು ಬಿಚ್ಚಿ ಉದ್ದಕ್ಕೆ ಸೀಳಿದಳು. ಒಳಗಿನ ರಬ್ಬರಿನ ಪದರ ಎಣ್ಣೆ ಕುಡಿದು ಎದ್ದು ಬಂದು, ನಾಲಗೆಯಂತೆ ಜೋತಾಡುತ್ತಿತ್ತು. ಬಿಸಿಯಾದಾಗ ಮೆತ್ತಗಾಗಿ, ಪಂಪಿನ ಸೆಳೆತಕ್ಕೆ ಸಿಕ್ಕಿ ದಾರಿ ಮುಚ್ಚುತ್ತಿತ್ತು. ತಣ್ಣಗಾದರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಮೇಸ್ತ್ರಿ ಅದನ್ನು ಬೆರಳಿಂದ ಎತ್ತಿ ನೋಡಿದ.

ಅಕ್ಕ ಚೀಲದಿಂದ ಅದೇ ಅಳತೆಯ ಹೊಸ ಹೋಸು ತೆಗೆದು ಹಾಕಿದಳು. ಇನ್ನೊಂದು ಗಂಟೆ ಕಾಯಿಸಿ ಪರೀಕ್ಷಿಸಿದರು. ಮುಳ್ಳು ಕದಲಲಿಲ್ಲ, ಬ್ರೇಕೂ ಹಿಡಿಯಿತು. ಸೀಳಿದ ಹೋಸನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟಾಗ ಅವರೇ ಮೇಸ್ತ್ರಿಯ ಕಾಗದವನ್ನು ಹರಿದುಹಾಕಿದರು.

ಡ್ರೈವರಮ್ಮ ನೇರ ಮನೆಗೆ ಹೋಗಲಿಲ್ಲ. ವರ್ಕ್‌ಶಾಪಿನ ಶೆಡ್ಡಿನಲ್ಲಿ ಅದೇ ಕಾಲದ ಇನ್ನೂ ಎರಡು ಗಾಡಿ ನಿಂತಿದ್ದವು.

"ಇವುಗಳ ಬಾನೆಟ್ಟೂ ತೆಗೀರಿ."

"ಇವುಗಳ ಮೇಲೆ ಯಾರೂ ದೂರು ಕೊಟ್ಟಿಲ್ಲವಲ್ಲಮ್ಮ," ಅಂದ ಮೇಸ್ತ್ರಿ, ದನಿ ತಗ್ಗಿಸಿ.

"ಈಗ ನಾನು ಕೊಡ್ತಿದ್ದೀನಿ."

ಅವನು ಬಾನೆಟ್ಟೆತ್ತಿ ಎರಡೂ ಹೋಸುಗಳನ್ನು ತಾನೇ ಸೀಳಿದ. ಒಂದು ನೆಟ್ಟಗಿತ್ತು. ಇನ್ನೊಂದರ ಒಳಪದರ ಆಗಲೇ ಸುಲಿಯತೊಡಗಿತ್ತು.