ಡಾಕ್ಟರ್ ಆಂಟಿಯನ್ನು ಕೇಳಿದರಾಯಿತು

"ಆಂಟಿ, ನಾಳೆಯಿಂದ ನೀವು ಇಲ್ಲಿಗೆ ಬರೋದು ಬೇಡ" ಎಂದು ಸಂಯುಕ್ತಾ ಹೇಳಿದಾಗ ಶೈಲಜಾ ಮೂಲಂಗಿಗೆ ಅಂಟಿದ ಮಣ್ಣು ಕೊಡವುತ್ತಿದ್ದರು. ತಮಾಷೆ ಇರಬೇಕು ಎಂದುಕೊಂಡು ನಕ್ಕರು. ಹುಡುಗಿ ನಗಲಿಲ್ಲ. ಷೆಡ್ಡಿನ ಬಾಗಿಲಿಗೆ ಒರಗಿ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಈ ಮಾತನ್ನು ಹತ್ತು ಸಲ ಕಾರಿನಲ್ಲಿ ಹೇಳಿಕೊಂಡು ಬಂದವಳ ಹಾಗೆ ನಿಂತಿದ್ದಳು.

"ನಾಳೆ ಭಾನುವಾರ, ಅದಕ್ಕಾ?"

"ಅಲ್ಲ. ಈ ವರ್ಷ ಪೂರ್ತಿ. ಐ ಆಮ್ ಸಾರಿ, ಆಂಟಿ."

ಸುನೋಲ್ ಕಣಿವೆಯ ಈ ಎಂಟು ಎಕರೆಯನ್ನು ಶೈಲಜಾ ಮತ್ತು ಅವರ ಗಂಡ ಅಚ್ಯುತ ಕೊಂಡಾಗ ನೆಲ ಪಿಕಾಸಿಗೂ ಜಗ್ಗುತ್ತಿರಲಿಲ್ಲ. ಉಳುವುದನ್ನು ನಿಲ್ಲಿಸಿ, ಹುಲ್ಲು ಹೊದಿಸಿ, ಗೊಬ್ಬರ ಉಣಿಸಿ, ಕುರಿ ಮೇಯಿಸಿ ಆ ಮಣ್ಣಿಗೆ ಮತ್ತೆ ಜೀವ ಬರುವಷ್ಟರಲ್ಲಿ ಅಚ್ಯುತ ಇರಲಿಲ್ಲ. ಮಕ್ಕಳಿಲ್ಲದ ಶೈಲಜಾ ಹೊಲವನ್ನು ಮಾರಲಿಲ್ಲ. ಸ್ವಂತ ಜಮೀನಿನ ಆಸೆಯನ್ನೂ ಪಡಲಾಗದ ಹುಡುಗ ಹುಡುಗಿಯರು ಬಂದು ಈ ಬೇಸಾಯ ಕಲಿಯಲಿ ಎಂದು, ಸಂಯುಕ್ತಾಳಿಗೆ ದೀರ್ಘ ಗುತ್ತಿಗೆಗೆ ಒಪ್ಪಿಸಿದರು. ಕ್ಯುಪರ್ಟಿನೋದಲ್ಲಿ ಅಪ್ಪ ಅಮ್ಮ ತಲೆ ಚಚ್ಚಿಕೊಂಡರೂ ಕೇಳದೆ ಬೇಸಾಯಕ್ಕೆ ಇಳಿದಿದ್ದ ಹುಡುಗಿ ಅವಳು. ಕಲಿಯಲು ಮೂವರು ಬಂದರು. ಶೈಲಜಾ ಅವರ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದರು. ಹೀಗೆ ಒಪ್ಪಿಸಿದ ಮರುದಿನ ಬೆಳಗ್ಗೆ ಎವರ್‌ಗ್ರೀನ್ ಬಡಾವಣೆಯ ಮನೆಯಿಂದ ಕಾರು ಹತ್ತಿ ಎಂದಿನ ಹೊತ್ತಿಗೇ ಹೊಲಕ್ಕೆ ಹಾಜರಾದವರೂ ಶೈಲಜಾ ಅವರೇ. ಮಕ್ಕಳ ಡಾಕ್ಟರಾಗಿ ನಿವೃತ್ತರಾದ ಅವರಿಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು.

"ನಾನೇನಾದ್ರೂ ತಪ್ಪು ಹೇಳಿಕೊಟ್ನಾ?"

"ಇಲ್ಲ ಆಂಟಿ. ನೀವು ಯಾವಾಗ್ಲೂ ರೈಟೇ. ಅದೇ ಪ್ರಾಬ್ಲಮ್ಮು." ಸಂಯುಕ್ತಾಳ ಕನ್ನಡ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತಿತ್ತು. ಇವತ್ತು ಕಷ್ಟಪಟ್ಟು ಮುಂದುವರಿಸಿದಳು. "ಆ ಫ್ರಾಸ್ಟ್ ಬಿತ್ತಲ್ಲ, ಅವತ್ತು ನಾನು ಮಾರ್ಕೆಟ್‌ನಲ್ಲಿದ್ದೆ. ಟೊಮೇಟೊ ಸಸಿಗೆ ಈಗ್ಲೇ ಕವರ್ ಹಾಕಿ ಅಂತ ಫೋನ್‌ನಲ್ಲಿ ಹೇಳ್ದೆ. ಅವರು, ಡಾಕ್ಟರ್ ಆಂಟೀನ ಕೇಳಿ ಹಾಕೋಣ ಅಂತ ಕಾದ್ರು. ನೀವು ಫೋನ್ ತೆಗೀಲಿಲ್ಲ."

ಅವತ್ತು ಶೈಲಜಾ ವಾಲ್ನಟ್ ಕ್ರೀಕ್‌ನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದರು. ಮರುದಿನ ಬೆಳಗ್ಗೆ ಬಂದು ನೋಡಿದರೆ ಸಸಿಗಳೆಲ್ಲ ಹಿಮಕ್ಕೆ ಸುಟ್ಟು ಕಪ್ಪಾಗಿ ಮಲಗಿದ್ದವು. ನನಗಾಗಿ ಯಾಕೆ ಕಾದಿರಿ ಎಂದು ಆ ಮೂವರನ್ನೂ ಚೆನ್ನಾಗಿ ಬೈದಿದ್ದರು ಕೂಡ.

"ನಾನೇನೇ ಹೇಳಿದ್ರೂ ಅವರು ಮೊದ್ಲು ನಿಮ್ಮ ಮುಖ ನೋಡ್ತಾರೆ. ನಾನೂ ನೋಡ್ತೀನಿ." ಟೋಪಿ ತಿರುಗಿಸುವುದನ್ನು ನಿಲ್ಲಿಸಿದಳು. "ಹೀಗೇ ಆದ್ರೆ ನಾನು ಬಿಟ್ಟುಹೋಗ್ತೀನಿ, ಆಂಟಿ. ಐ ಮೀನ್ ಇಟ್."

ಶೈಲಜಾ ಅವರಿಗೆ ಮೈಯೆಲ್ಲ ಉರಿಯಿತು. ಇದು ನನ್ನ ಹೊಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಇವಳು ಹೋದರೆ ಆ ಮೂವರೂ ಹೋಗುತ್ತಾರೆ, ತಮ್ಮ ನಂತರ ಈ ಮಣ್ಣನ್ನು ಕೇಳುವವರೇ ಇರುವುದಿಲ್ಲ. ಮೂಲಂಗಿಯನ್ನು ಕ್ರೇಟಿಗೆ ಹಾಕಿ, "ಸರಿಯಮ್ಮಾ" ಎಂದು ಕಾರಿನ ಕಡೆ ನಡೆದರು.

ಮನೆಯಲ್ಲಿ ಹೊತ್ತು ಹೋಗಲೊಲ್ಲದು. ಗ್ರೋಸರಿಯಿಂದ ಕೊತ್ತಂಬರಿ ತಂದು, ಇದಕ್ಕೆ ವಾಸನೆಯೇ ಇಲ್ಲವಲ್ಲ ಎಂದು ಬೈಯಲು ಬಾಯಿ ತೆರೆದರೆ ಕೇಳಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲ. ಒಂದು ಸಲ ಮಾಡಿದ ಉಪ್ಪಿಟ್ಟು ಎರಡು ಹೊತ್ತಿಗೂ ಸಾಕಾಗಿ ಮಿಗುತ್ತಿತ್ತು. ಫೋನನ್ನು ಸ್ನಾನದ ಮನೆಗೂ ಒಯ್ಯತೊಡಗಿದರು. ಅದು ಸದ್ದು ಮಾಡಿದಾಗಲೆಲ್ಲ ಓಡಿ ನೋಡಿದರೆ ಔಷಧಿ ಅಂಗಡಿಯ ಮೆಸೇಜು. ಅಚ್ಯುತ ಹೋದಾಗಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಬೆಳಗ್ಗೆ ಎದ್ದು ಹೋಗಲು ಹೊಲವಿತ್ತು.

ಜುಲೈನಲ್ಲಿ ಒಂದು ದಿನ ತಡೆಯಲಾಗಲಿಲ್ಲ. ಒಳಗೆ ಕಾಲಿಡುವುದಿಲ್ಲ, ರಸ್ತೆಯಿಂದಲೇ ನೋಡಿ ಬಂದುಬಿಡುತ್ತೇನೆ ಎಂದು ತಮಗೆ ತಾವೇ ಸಬೂಬು ಹೇಳಿಕೊಂಡು ಫ್ರೀವೇ ಹಿಡಿದರು. ತಂತಿಬೇಲಿಯ ಪಕ್ಕ ಕಾರು ನಿಲ್ಲಿಸಿ ಇಳಿದರೆ ಎದುರಿಗೇ ಬೀನ್ಸ್ ಸಾಲು. ಒಂದು ತುದಿಯಲ್ಲಿ ಎಲೆಗಳು ಬಣ್ಣಗೆಟ್ಟಿದ್ದವು. ಅಲ್ಲೇ ಕಳೆ ಕೀಳುತ್ತಿದ್ದ ಎಲೆನಾ, ಕಲಿಯಲು ಬಂದ ಮೂವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಇವರನ್ನು ಕಂಡವಳೇ ಓಡಿಬಂದಳು.

"ಡಾಕ್ಟರ್ ಆಂಟಿ! ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಒಂದು ಎಲೆಯನ್ನು ತಂತಿಯ ಸಂದಿಯಿಂದ ತೂರಿಸಿದಳು. "ಇದಕ್ಕೇನಾಗಿದೆ ನೋಡಿ. ಏನು ಮಾಡೋದು?"

ಶೈಲಜಾ ಎಲೆಯನ್ನು ಮಗುಚಿದರು. ಅಡಿಯಲ್ಲಿ ತೆಳ್ಳನೆಯ ಬಲೆ, ಬಲೆಯ ತುಂಬ ರಸ ಹೀರುವ ನುಸಿ. ಇವತ್ತೇ ಎಲೆಗಳ ಅಡಿಗೆ ಜೋರಾಗಿ ನೀರು ಹೊಡೆದರೆ ಸಾಲು ಉಳಿಯುತ್ತದೆ. ಈ ಬಿಸಿಲಿನಲ್ಲಿ ಒಂದು ವಾರ ಬಿಟ್ಟರೆ ಹೋಯಿತು. ದೂರದಲ್ಲಿ ಸಂಯುಕ್ತಾ ಈ ಕಡೆ ಬೆನ್ನು ಮಾಡಿ ಪೈಪು ಎಳೆಯುತ್ತಿದ್ದಳು.

"ನನಗೆ ಗೊತ್ತಿಲ್ಲ" ಎಂದರು ಶೈಲಜಾ.

"ನಿಮಗಾ? ಗೊತ್ತಿಲ್ವಾ?"

"ಇಲ್ಲ. ಸಂಯುಕ್ತಾನ ಕೇಳು. ಅವಳಿಗೆ ಗೊತ್ತಿರುತ್ತೆ."

ಗೊತ್ತಿರುತ್ತದೆ ಎಂಬ ಖಾತ್ರಿ ಅವರಿಗೇ ಇರಲಿಲ್ಲ. ಪಾಪ, ವಯಸ್ಸಾಯಿತು ಎನ್ನುವ ಹಾಗೆ ಎಲೆನಾ ಅವರನ್ನು ಒಂದು ಸಲ ನೋಡಿದಳು. ಎಲೆಯನ್ನು ವಾಪಸು ತೆಗೆದುಕೊಂಡು, ಸಂಯುಕ್ತಾ, ಸಂಯುಕ್ತಾ ಎಂದು ಕೂಗುತ್ತ ಸಾಲುಗಳ ನಡುವೆ ಓಡಿದಳು. ಸಂಯುಕ್ತಾ ಪೈಪು ಕೆಳಗಿಟ್ಟಳು. ಉಳಿದಿಬ್ಬರೂ ಕೆಲಸ ಬಿಟ್ಟು ಬಂದರು. ನಾಲ್ಕು ಟೋಪಿಗಳು ಒಂದೇ ಕಡೆ ಬಾಗಿದವು. ರಸ್ತೆಯತ್ತ ಯಾರೂ ತಿರುಗಲಿಲ್ಲ.

ಶೈಲಜಾ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಹೆಬ್ಬೆರಳ ಮೇಲೆ ಒಂದು ನುಸಿ, ಕಂಡೂ ಕಾಣದಷ್ಟು ಸಣ್ಣದು, ಉಗುರಿನ ಕಡೆಗೆ ಹತ್ತುತ್ತಿತ್ತು. ಅದನ್ನು ಒರೆಸದೆ ನೋಡುತ್ತ ಕೂತರು.